ತಟ್ಟಿ ನೋಡಿದ ಮಡಕೆ

“ಗುರುಗಳೇ, ಇದ್ದದ್ದನ್ನು ಇದ್ದ ಹಾಗೆಯೇ ಕಂಡು ದುಃಖಪಡುವವನಿಗೆ ಮದ್ದು ಯಾವುದು?”

ಕೇಳಿದವನು ಚನ್ನವೀರ. ಮಠದಲ್ಲಿ ಸಂಜೆಯ ಪುರಾಣ ಹೇಳುತ್ತಿದ್ದ ಶಿಷ್ಯ. ಒಂದು ಸಂಜೆ ತುಂಬಿದ ಸಭೆಯ ಮುಂದೆ ಅವನಿಗೆ ಕತೆ ನಡುವೆಯೇ ಮರೆತುಹೋಯಿತು. ಅಂದಿನಿಂದ ಅವನು ಪುರಾಣದ ಕಟ್ಟೆ ಹತ್ತಲಿಲ್ಲ. ಆಮೇಲೆ ಊಟ ಬಿಟ್ಟ, ಆಮೇಲೆ ಜನರೊಡನೆ ಮಾತು ಬಿಟ್ಟ. ಈಗ ಎರಡೂ ತೋಳುಗಳಿಂದ ಮೊಣಕಾಲುಗಳನ್ನು ಎದೆಗೆ ಬಿಗಿದುಕೊಂಡು ಕಂಬದ ಬುಡದಲ್ಲಿ ಕೂತಿದ್ದ.

“ನೀನು ಕಂಡದ್ದೇನು?” ಎಂದರು ಗುರುಗಳು.

“ನನ್ನನ್ನೇ. ಸುಮ್ಮನೆ ಹೇಳುತ್ತಿಲ್ಲ, ಚೆನ್ನಾಗಿ ಪರೀಕ್ಷೆ ಮಾಡಿ ನೋಡಿದ್ದೇನೆ. ಒಳಗೆ ಏನೂ ಇಲ್ಲ. ಹಿಂದೆಯೂ ಇರಲಿಲ್ಲ, ಜನಕ್ಕೆ ಗೊತ್ತಾಗಿರಲಿಲ್ಲ ಅಷ್ಟೆ. ಮುಂದೆಯೂ ಬರುವುದಿಲ್ಲ. ನಾಳೆ ಮಠ ಬಿಟ್ಟು ಹೋಗುತ್ತೇನೆ.”

“ಎಲ್ಲಿಗೆ?”

“ಎಲ್ಲಿಗೂ ಅಲ್ಲ.”

ಗುರುಗಳು ಮಾತುಮಾತಿಗೆ ತಮಾಷೆ ಮಾಡುವವರು. ಶಿಷ್ಯರ ಅಳುಮೋರೆ ಕಂಡರೆ, ಇಂದಿನ ಸಾರಿಗೆ ಉಪ್ಪು ಹೆಚ್ಚಾಯಿತೇ ಎಂದು ಕೇಳುವವರು. ಅಂದು ಕೇಳಲಿಲ್ಲ. ಎದ್ದು ಹೋಗಿ ಅವನ ಪಕ್ಕದಲ್ಲಿ ಬರಿನೆಲದ ಮೇಲೆ ಕೂತು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ಅವನ ಮಡಕೆಗೆ ಸುತ್ತಲಿನ ಊರುಗಳಲ್ಲಿ ಹೆಸರಿತ್ತು. ಐರಣಿಗೆ ಎಲ್ಲರೂ ಅವನ ಮನೆಗೇ ಬರುತ್ತಿದ್ದರು. ಐರಣಿ ಎಂದರೆ ಸುಣ್ಣ ಬಣ್ಣ ಬಳಿದ ಮದುವೆಯ ಮಡಕೆ. ಹೆಂಗಸರು ವಾದ್ಯದೊಡನೆ ಬಂದು ಅದನ್ನು ಕುಂಬಾರನ ಮನೆಯಿಂದ ತಲೆಯ ಮೇಲೆ ಹೊತ್ತೊಯ್ಯುತ್ತಾರೆ.

ಮಡಕೆ ಸುಡುವ ಭಟ್ಟಿ, ಅಂದರೆ ಆವಿಗೆ, ಆರಿದ ಮೇಲೆ ಅವನು ಒಂದೊಂದನ್ನೂ ತಟ್ಟಿ ನೋಡುತ್ತಿದ್ದ. ಬಿಚ್ಚಿದ ಎಡ ಅಂಗೈಯ ಮೇಲೆ ಮಡಕೆ ಕೂರಿಸಿ, ಬಲಗೈ ಬೆರಳಿನ ಗೆಣ್ಣಿನಿಂದ ತಟ್ಟುವುದು. ಖಣ್ ಎಂದರೆ ಮಡಕೆ ಗಟ್ಟಿ. ಬದ್ ಎಂದರೆ ಎಲ್ಲೋ ಕಣ್ಣಿಗೆ ಕಾಣದ ಬಿರುಕಿದೆ. ಹೆಂಡತಿ ಮಣ್ಣು ತುಳಿಯುತ್ತಿದ್ದಳು, ಬಣ್ಣ ಬಳಿಯುತ್ತಿದ್ದಳು. ತಟ್ಟುವ ಕೆಲಸ ಮಾತ್ರ ಸುಟ್ಟವನದು. ಆ ಮನೆಯ ಪದ್ಧತಿ ಹಾಗೆ.

ಒಂದು ಮದುವೆಯಲ್ಲಿ ಅವನು ಕೊಟ್ಟ ಐರಣಿ ಹಂದರದ ಕೆಳಗೆ ಒಡೆಯಿತು. ಮಡಕೆ ಎಂದ ಮೇಲೆ ಒಡೆಯುತ್ತದೆ. ಹೊತ್ತವಳು ಎಡವಿದ್ದಳೋ, ಇಳಿಸಿದವರು ಕುಕ್ಕಿದ್ದರೋ, ಯಾರೂ ವಿಚಾರಿಸಲಿಲ್ಲ. ಒಬ್ಬ ಮುದುಕಿ ಮಾತ್ರ ಅಲ್ಲೇ ಇದ್ದ ಕುಂಬಾರನತ್ತ ತಿರುಗಿ, “ತಟ್ಟಿ ನೋಡಿದ್ದಿಲ್ಲೇನೋ ತಮ್ಮಾ?” ಎಂದಳು. ಕೇಳಿದವಳು ಪಂಕ್ತಿಗೆ ಹೋಗಿ ಹೋಳಿಗೆ ಉಂಡು ಮರೆತೇಬಿಟ್ಟಳು. ಅವಳ ಮಾತು ಕುಂಬಾರನ ಜೊತೆ ಮನೆಗೆ ಬಂತು.

ಮುಂದಿನ ಆವಿಗೆ ಬಿಚ್ಚಿದಾಗ ಆ ಮಾತು ಇನ್ನೂ ಅವನ ತಲೆಯಲ್ಲಿತ್ತು. ಮಡಕೆ ಜಾರಿ ಬಿದ್ದೀತೆಂದು ಎದೆಗೆ ಅವುಚಿಕೊಂಡ. ಎಡಗೈಯಿಂದ ಬಿಗಿಯಾಗಿ ತಬ್ಬಿ ಹಿಡಿದು ಬಲಗೈಯಿಂದ ತಟ್ಟಿದ. ಬದ್ ಎಂದಿತು. ಒಡೆದುಹಾಕಿದ. ಇನ್ನೊಂದನ್ನು ಎತ್ತಿ ಅವುಚಿಕೊಂಡ. ಅದೂ ಬದ್ ಎಂದಿತು. ಸಂಜೆಯ ಹೊತ್ತಿಗೆ ಇಡೀ ಆವಿಗೆಯ ಮಡಕೆಗಳು ಹಿತ್ತಲಲ್ಲಿ ಚೂರಾಗಿ ಬಿದ್ದಿದ್ದವು.

ಮೊದಲು ಅವನು ಮಣ್ಣನ್ನು ಬೈದ. ದೂರದ ಕೆರೆಯಿಂದ ಬೇರೆ ಮಣ್ಣು ತಂದ. ಬದ್. ಸೌದೆ ಬದಲಿಸಿದ. ಬದ್. ಬದಲಿಸಲು ಇನ್ನೇನೂ ಉಳಿಯದಾದಾಗ, ತನ್ನ ಕೈಯೇ ಕೆಟ್ಟಿದೆ ಎಂದುಕೊಂಡ. ಅಲ್ಲಿಗೂ ನಿಲ್ಲಲಿಲ್ಲ. ಈ ಕೈ ಎಂದೂ ಸರಿಯಿರಲಿಲ್ಲ ಎಂದುಕೊಂಡ. ಊರಿನ ಮನೆಮನೆಯಲ್ಲಿ ಅವನ ಹಳೆಯ ಮಡಕೆಗಳು ನೀರು ತುಂಬಿಕೊಂಡು ಕೂತಿದ್ದವು. ಅವು ಇನ್ನೂ ಒಡೆದಿಲ್ಲ ಅಷ್ಟೆ ಎಂದ. ಹೊಗಳಿದವರು ಕನಿಕರಕ್ಕೆ ಹೊಗಳುತ್ತಾರೆ ಎಂದ. ಹೆಂಡತಿ ಒಂದು ಮಡಕೆಯನ್ನು ಬಚ್ಚಿಟ್ಟು, ನೀರು ತುಂಬಿ, ಮರುದಿನ ತೋರಿಸಿದಳು. ಒಂದು ಹನಿಯೂ ಸೋರಿರಲಿಲ್ಲ. ನಾಳೆ ಸೋರುತ್ತದೆ ಎಂದ. ಇಂಥವನೊಡನೆ ವಾದ ಮಾಡಿ ಗೆದ್ದವರುಂಟೇ? ಬೇರೆ ಯಾರ ಸಾಕ್ಷಿಯೂ ಅವನಿಗೆ ಬೇಕಿರಲಿಲ್ಲ. ಅವನ ಸಾಕ್ಷಿ ಅವನ ಕಿವಿಯಲ್ಲೇ ಇತ್ತು.

ಆ ವರ್ಷ ಒಬ್ಬ ನೇಕಾರ ಬಂದು, ಮಗಳ ಮದುವೆಗೆ ಐರಣಿ ಬೇಕು ಎಂದ. ಬೇರೆ ಊರಿಗೆ ಹೋಗು ಎಂದರೆ ಕೇಳಲಿಲ್ಲ. “ನನ್ನ ಲಗ್ನಕ್ಕೂ ಈ ಮನಿ ಐರಣಿನ ಬಂದಿತ್ತು,” ಎಂದು ಹೇಳಿ ಹೋದ. ಕುಂಬಾರ ಮಡಕೆ ತಿರುಗಿಸುವ ಚಕ್ರವಾದ ತಿಗರಿಯ ಮುಂದೆ ಕೂತ. ಹೆಂಡತಿಗೆ ಹೇಳಿದ:

“ಇದೂ ಬದ್ ಅಂದ್ರ ತಿಗರಿ ಹುಗೀತೀನಿ. ಆಮ್ಯಾಲ ನನ್ನ ಹುಡುಕಬ್ಯಾಡ.”

ಅವಳು ಎಂದಿನಂತೆ ಮಣ್ಣು ತುಳಿದು ತಂದುಕೊಟ್ಟಳು.

ಆವಿಗೆ ಬಿಚ್ಚುವ ಬೆಳಿಗ್ಗೆ ಅವಳು ಮಣ್ಣಿನ ಕೊಡ ತೆಗೆದುಕೊಂಡು ನೀರಿಗೆ ಹೊರಟಳು. ಮನೆಯಲ್ಲಿ ನಿಂತು ಆ ಸದ್ದು ಕೇಳುವ ಧೈರ್ಯ ಅವಳಿಗಿರಲಿಲ್ಲ. ಖಾಲಿ ಕೊಡ ಸೊಂಟದ ಮೇಲಿತ್ತು, ತೋಳು ಅದನ್ನು ತಬ್ಬಿತ್ತು. ಸೆರಗು ಸರಿಪಡಿಸುವಾಗ ಇನ್ನೊಂದು ಕೈಯ ಕಡಗ ಕೊಡಕ್ಕೆ ತಗಲಿತು. ಬದ್ ಎಂದಿತು. ಬಾವಿಕಟ್ಟೆಯ ಮೇಲೆ ಸಿಂಬೆ ಇಟ್ಟು, ಅದರ ಮೇಲೆ ಕೊಡ ಕೂರಿಸಿದಳು. ಹಗ್ಗಕ್ಕೆ ಕೈ ಚಾಚಿದಾಗ ಕಡಗ ಮತ್ತೆ ತಗಲಿತು. ಖಣ್ ಎಂದಿತು.

ಅವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದಳು. ಕೊಡ ಅದೇ, ಕಡಗ ಅದೇ. ತಬ್ಬಿಕೊಂಡು ತಟ್ಟಿದಳು, ಬಿಟ್ಟು ತಟ್ಟಿದಳು. ಹುಟ್ಟಿದಾರಭ್ಯ ನೀರು ಹೊತ್ತವಳು, ದಿನವೂ ಕಿವಿಗೆ ಬೀಳುತ್ತಿದ್ದುದನ್ನು ಅಂದು ಮೊದಲ ಸಲ ಕೇಳಿದಳು. ಕೊಡವನ್ನು ಅಲ್ಲೇ ಬಿಟ್ಟು ಮನೆಗೆ ಓಡಿದಳು.

ಕುಂಬಾರ ಐರಣಿಯನ್ನು ತಟ್ಟಿ ಮುಗಿಸಿದ್ದ. ಒಡೆಯಲೆಂದು ಮೇಲಕ್ಕೆ ಎತ್ತಿದ್ದ. ಅವಳನ್ನು ಕಂಡು ಮತ್ತೆ ಎದೆಗೆ ಅವುಚಿಕೊಂಡ. ಅವಳು ಕಸಿದುಕೊಳ್ಳಲು ಹೋಗಲಿಲ್ಲ. ಮಡಕೆ ಚೆನ್ನಾಗಿದೆ ಎಂದೂ ಹೇಳಲಿಲ್ಲ.

“ಒಡೀರಿ, ಬ್ಯಾಡ ಅನ್ನೂದಿಲ್ಲ. ಅದಕ್ಕೂ ಮದಲ ಒಂದ ಸಲ ಎಡಗೈ ಬಿಟ್ಟು ತಟ್ರಿ.”

“ಕೈ ಬಿಟ್ರ ಬೀಳತದ.”

“ತಳದಾಗ ನನ್ನ ಅಂಗೈ ಐತಿ.”

ಒಡೆಯಲೆಂದೇ ಎತ್ತಿದ ಮಡಕೆ ಬಿದ್ದು ಒಡೆದೀತೆಂದು ಹೆದರುವವನನ್ನು ನೋಡು! ನಗು ಬರುತ್ತದೆ, ಆದರೆ ನಗಬೇಡ. ದುಃಖದಲ್ಲಿರುವವನ ಲೆಕ್ಕ ಹೀಗೆಯೇ ಇರುತ್ತದೆ.

ಅವನ ಬೆರಳುಗಳು ಬಿಡಲಿಲ್ಲ. ಬಿಡೋಣ ಎಂದು ಅವನಿಗೆ ಅನ್ನಿಸಿದರೂ ಬಿಡಲಿಲ್ಲ. ಹಿಡಿದು ಹಿಡಿದು ಅವು ಹಾಗೆಯೇ ಸೆಟೆದುಕೊಂಡಿದ್ದವು. ಅವಳು ಅಂಗೈ ಚಾಚಿ ಕಾದಳು. ಬಹಳ ಹೊತ್ತು ಕಾದಳು. ಮೊದಲು ಕಿರುಬೆರಳು ಸಡಿಲಾಯಿತು, ಆಮೇಲೆ ಉಳಿದವು. ಮಡಕೆ ಅವಳ ಅಂಗೈಯ ಮೇಲೆ ಕೂತಿತು. ಅವನು ಕಣ್ಣು ಮುಚ್ಚಿ ತಟ್ಟಿದ.

ಖಣ್ ಎಂದಿತು.

ಆ ದನಿ ಅಂಗಳ ತುಂಬಿತು. ದನಿ ಪೂರ್ತಿ ಆರುವವರೆಗೆ ಅವನ ಬಲಗೈ ಎತ್ತಿದಲ್ಲೇ ಇತ್ತು. ಮತ್ತೆ ತಬ್ಬಿ ತಟ್ಟಿದ. ಬದ್. ಬಿಟ್ಟು ತಟ್ಟಿದ. ಖಣ್. ದೇವರ ಮುಂದೆ ನಿಂತವನ ಹಾಗೆ ತಾನೇ ಮಾಡಿದ ಮಡಕೆಯ ಮುಂದೆ ನಿಂತ. ಇಷ್ಟು ದಿನವೂ ಈ ದನಿ ಇತ್ತು. ತನ್ನ ತೋಳಿನೊಳಗೇ ಇತ್ತು. ತನ್ನ ತೋಳೇ ಅದನ್ನು ನುಂಗುತ್ತಿತ್ತು.

ಆಮೇಲೆ ಅವನ ಕಣ್ಣು ಹಿತ್ತಲಿನ ಚೂರುಗಳ ರಾಶಿಯ ಮೇಲೆ ಬಿತ್ತು. ಕುಸಿದು ಕೂತು ಅತ್ತ. ಅವನ ಅಳು ಮುಗಿಯುವವರೆಗೆ ಹೆಂಡತಿ ಮಡಕೆಯನ್ನು ಅಂಗೈಯ ಮೇಲೆ ಹಿಡಿದುಕೊಂಡೇ ನಿಂತಿದ್ದಳು.

ಐರಣಿ ಮದುವೆಗೆ ಹೋಯಿತು. ಹಿತ್ತಲಿನ ಚೂರುಗಳನ್ನು ಅವನು ಮುಂದಿನ ಆವಿಗೆಯ ಮೇಲೆ ಹೊದಿಸಿದ. ಕಾವು ಹೊರಗೆ ಹೋಗದಂತೆ ಮುಚ್ಚಲು ಕುಂಬಾರರಿಗೆ ಒಡೆದ ಚೂರೇ ಬೇಕು. ಆಮೇಲೂ ಒಮ್ಮೊಮ್ಮೆ ಅವನ ಎಡಗೈ ತಾನಾಗಿ ಎದೆಯ ಕಡೆ ಬರುತ್ತಿತ್ತು. ಆಗ ಮಡಕೆ ಕೆಳಗಿಟ್ಟು, ಕೈ ಕೊಡವಿಕೊಂಡು, ಮತ್ತೆ ಎತ್ತಿ ತಟ್ಟುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. “ಇದನ್ನು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ,” ಎಂದರು. “ಮಡಕೆ ಸುಳ್ಳು ನುಡಿಯಲಿಲ್ಲ. ಕಿವಿ ಸುಳ್ಳು ಕೇಳಲಿಲ್ಲ. ಆದರೂ ಒಂದು ಬಾಳು ಮುಗಿದೇ ಹೋಗುವುದರಲ್ಲಿತ್ತು.”

ಚನ್ನವೀರ ಮೊಣಕಾಲುಗಳನ್ನು ಇನ್ನಷ್ಟು ಎದೆಗೆ ಬಿಗಿದುಕೊಂಡ. “ಅವನ ಮಾತು ಬೇರೆ, ಗುರುಗಳೇ. ಅವನದು ಗಟ್ಟಿ ಮಡಕೆ. ನಾನು ನನ್ನ ಮನಸ್ಸನ್ನು ತಟ್ಟಿ ತಟ್ಟಿ ನೋಡಿದ್ದೇನೆ. ಪ್ರತಿ ಸಲವೂ ಬದ್ ಎಂದೇ ಅಂದಿದೆ.”

ಗುರುಗಳು ತಮ್ಮ ಅಂಗೈ ಬಿಚ್ಚಿ ಅವನ ಮುಂದೆ ಚಾಚಿದರು.

“ತಟ್ಟುವಾಗ ನಿನ್ನ ಇನ್ನೊಂದು ಕೈ ಎಲ್ಲಿತ್ತು?”