ಎಣ್ಣೆ ಬಿಟ್ಟ ಅಡುಗೆಯವನು

ಶಿಷ್ಯ ಕೇಳಿದ: “ಗುರುಗಳೇ, ಉಪ್ಪು ಬಿಟ್ಟೆ. ಸಿಹಿ ಬಿಟ್ಟೆ. ಮನೆಗೆ ಹೋಗಿ ಬರುವುದನ್ನೂ ಬಿಟ್ಟೆ. ಆದರೂ ಮನಸ್ಸು ಹಗುರಾಗಲಿಲ್ಲ. ಸಿಡುಕು ಮಾತ್ರ ಹೆಚ್ಚಿತು. ಇನ್ನು ಏನನ್ನು ಬಿಡಬೇಕು?”

ಗುರು ಹೇಳಿದರು:

ಬಂದರಿನ ಊರೊಂದರಲ್ಲಿ ಒಬ್ಬ ಅಡುಗೆಯವನಿದ್ದ. ಹೆಸರು ಜಟ್ಟಪ್ಪ. ಸಿಗಡಿ ಹಾಕಿ ಅವನು ಮಾಡುವ ಫ್ರೈಡ್ ರೈಸ್ ತಿನ್ನಲು ಜನ ದೂರದಿಂದ ಬರುತ್ತಿದ್ದರು. ಅನ್ನದ ಅಗುಳು ಅಗುಳೂ ಎಣ್ಣೆಯಲ್ಲಿ ಹೊಳೆಯುತ್ತಿತ್ತು. ಅವನ ಹೆಂಡತಿ ಮಾದೇವಿಗೂ ಅದೇ ಇಷ್ಟ. ಹೋಟೆಲು ಮುಚ್ಚಿದ ದಿನ ಮನೆಯಲ್ಲಿ ಅವಳಿಗಾಗಿ ಅದನ್ನೇ ಮಾಡುತ್ತಿದ್ದ.

ಒಂದು ವರ್ಷ ಮಾದೇವಿಯ ಎದೆಗೆ ತೊಂದರೆಯಾಯಿತು. ಡಾಕ್ಟರು ನೋಡಿ, “ಎಣ್ಣೆ, ಉಪ್ಪು ಕಡಿಮೆ ಮಾಡಿ. ಮೀನು, ಸಿಗಡಿ ಮಿತವಾಗಿ ತಿನ್ನಲಿ” ಎಂದರು. ಜಟ್ಟಪ್ಪ ಹೆದರಿದ. ಹೆದರಿದವನಿಗೆ ‘ಕಡಿಮೆ’ ಎಂಬ ಮಾತು ಕೇಳಿಸುವುದಿಲ್ಲ. ಮನೆಯ ಎಣ್ಣೆ ಡಬ್ಬಿಯನ್ನು ನೆರೆಮನೆಗೆ ಕೊಟ್ಟುಬಿಟ್ಟ. ಸಿಗಡಿ ತರುವುದನ್ನು ನಿಲ್ಲಿಸಿದ. ಎರಡು ಹೊತ್ತೂ ಸಪ್ಪೆ ಗಂಜಿ ಬೇಯಿಸಿ ಅವಳಿಗೆ ಬಡಿಸಿದ, ತಾನೂ ಅದನ್ನೇ ಉಂಡ. ಬಂದವರಿಗೆಲ್ಲ, “ಅವಳಿಗೋಸ್ಕರ ನಾನೂ ಬಿಟ್ಟಿದ್ದೇನೆ” ಎಂದು ಹೇಳಿಕೊಂಡ.

ಮಾದೇವಿ ಮೊದಮೊದಲು ಉಂಡಳು. ಆಮೇಲೆ ಅರ್ಧ ಬಿಟ್ಟಳು. ಆಮೇಲೆ ತಟ್ಟೆಯನ್ನು ನೋಡಿದರೆ ಗೋಡೆಯ ಕಡೆ ಮುಖ ತಿರುಗಿಸತೊಡಗಿದಳು. ಕೈಯ ಬಳೆಗಳು ಸಡಿಲವಾದವು. ಎದೆಯ ನೋವು ಕಡಿಮೆಯಾಗಿತ್ತು, ಆದರೆ ಎದ್ದು ನಿಲ್ಲಲು ಕಾಲಿಗೆ ಬಲವಿರಲಿಲ್ಲ.

ಒಂದು ಮಧ್ಯಾಹ್ನ ಜಟ್ಟಪ್ಪನ ತಾಳ್ಮೆ ತಪ್ಪಿತು. “ಯಾರಿಗೋಸ್ಕರ ಇದನ್ನೆಲ್ಲ ಬಿಟ್ಟೆ ಮಾರಾಯ್ತಿ? ಒಂದು ತುತ್ತಾದರೂ ತಿನ್ನಬಾರದಾ?”

ಮಾದೇವಿ ಮೆಲ್ಲಗೆ ಹೇಳಿದಳು: “ದಿನಾ ನೀವು ಬಿಟ್ಟದ್ದನ್ನೇ ಬಡಿಸ್ತೀರಿ. ತಿನ್ನೋಕೆ ಏನಾದ್ರೂ ಹಾಕಿ.”

ಜಟ್ಟಪ್ಪ ಹೊರಗೆ ಹೋಗಿ ಜಗಲಿಯಲ್ಲಿ ಕುಳಿತ. ಕೋಪ ಬಂತು. ಕೋಪ ಇಳಿದ ಮೇಲೆ ಅಳು ಬಂತು. ಊರಿಗೆಲ್ಲ ರುಚಿಯಾಗಿ ಬಡಿಸಿದ ಕೈ ಹೆಂಡತಿಗೆ ಭಯವನ್ನು ಬೇಯಿಸಿ ಹಾಕುತ್ತಿದೆ ಎಂದು ಅವನಿಗೆ ಆಗ ತಿಳಿಯಿತು.

ಮರುದಿನ ಬೆಳಿಗ್ಗೆ ದೋಣಿ ಬರುವ ಹೊತ್ತಿಗೆ ದಡಕ್ಕೆ ಹೋದ. ಎಣ್ಣೆ ಹೆಚ್ಚಿದ್ದರೆ ಹಳೆಯ ಸಿಗಡಿಯೂ ನಡೆಯುತ್ತದೆ, ಎಣ್ಣೆ ಕಡಿಮೆಯಾದರೆ ತಾಜಾ ಇರಲೇಬೇಕು. ಹಿಡಿ ಸಿಗಡಿಯನ್ನೂ, ಸ್ಕ್ವಿಡ್ ಎನ್ನುತ್ತಾರಲ್ಲ, ಆ ಬೊಂಡಾಸು ಒಂದನ್ನೂ ಆರಿಸಿ ತಂದ. ಅನ್ನ ಬಸಿದು ಅಗಲ ತಟ್ಟೆಯಲ್ಲಿ ಹರಡಿ ಆರಲು ಬಿಟ್ಟ. ಸಿಗಡಿಯ ಸಿಪ್ಪೆ, ತಲೆಗಳನ್ನು ಬಿಸಾಡದೆ ನೀರಲ್ಲಿ ಕುದಿಸಿ ಸೋಸಿಕೊಂಡ. ನೆರೆಮನೆಯಿಂದ ಕೇಳಿ ತಂದ ಎಣ್ಣೆಯಲ್ಲಿ ಒಂದೇ ಚಮಚ ಬಾಣಲೆಗೆ ಬಿಟ್ಟ.

ಮೊದಲ ಸಲ ಎಲ್ಲ ಕೆಟ್ಟಿತು. ತಂದದ್ದರಲ್ಲಿ ಅರ್ಧವನ್ನು ಹೋಟೆಲಿನ ರೂಢಿಯಂತೆ ಒಟ್ಟಿಗೆ ಸುರಿದಿದ್ದ. ಅನ್ನ ತಳ ಹಿಡಿಯಿತು, ಬೊಂಡಾಸು ರಬ್ಬರಾಯಿತು. ಜಟ್ಟಪ್ಪ ಬಾಣಲೆ ಉಜ್ಜಿ ತೊಳೆದು, ಉಳಿದರ್ಧವನ್ನು ಇಟ್ಟುಕೊಂಡು ಮತ್ತೆ ಒಲೆಯ ಮುಂದೆ ನಿಂತ. ಈ ಸಲ ಬಾಣಲೆ ಚೆನ್ನಾಗಿ ಕಾಯುವವರೆಗೆ ಕಾದ. ಸಿಗಡಿ, ಬೊಂಡಾಸನ್ನು ಬಣ್ಣ ತಿರುಗಿದ ಕೂಡಲೇ ತೆಗೆದಿಟ್ಟ. ಬೆಳ್ಳುಳ್ಳಿ ಹಾಕಿ, ಅನ್ನವನ್ನು ಹಿಡಿ ಹಿಡಿಯಾಗಿ ಉದುರಿಸಿದ. ಹಿಂದೆ ಎಣ್ಣೆ ಸುರಿಯುತ್ತಿದ್ದ ಹೊತ್ತಿನಲ್ಲಿ ಸಿಪ್ಪೆಯ ರಸವನ್ನು ಚಿಮುಕಿಸಿದ. ಕೊನೆಗೆ ಕಾಳುಮೆಣಸು, ಈರುಳ್ಳಿ ಸೊಪ್ಪು. ಉಪ್ಪಿನ ಕೊರತೆಗೆ ಅರ್ಧ ಲಿಂಬೆ ಹಿಂಡಿದ.

ವಾಸನೆಗೆ ಮಾದೇವಿ ಗೋಡೆಯಿಂದ ಈಚೆ ತಿರುಗಿದಳು. ಒಂದು ತುತ್ತು ತಿಂದಳು. ಇನ್ನೊಂದು ತಿಂದಳು. ಜಟ್ಟಪ್ಪ ಸೌಟು ಹಿಡಿದು ಅಲ್ಲೇ ನಿಂತಿದ್ದ.

“ಹೊಳಪಿಲ್ಲ,” ಎಂದಳು ಅವಳು. ತಟ್ಟೆ ಖಾಲಿಯಾದ ಮೇಲೆ ಕೇಳಿದಳು: “ಇನ್ನೊಂದು ಸ್ವಲ್ಪ ಉಂಟಾ?”

ಗುರು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೇಳಿದ: “ಆಮೇಲೆ ಅವಳು ಎದ್ದಳೇ?”

“ಎದ್ದಳು. ಕೆಲವು ವಾರ ಕಳೆದ ಮೇಲೆ ತಾನೇ ದಡಕ್ಕೆ ಹೋಗಿ, ಸಿಗಡಿ ಸಣ್ಣದಾಯಿತೆಂದು ಮೀನಿನವಳ ಜೊತೆ ಜಗಳವಾಡಿ ಬಂದಳು. ಆ ದಿನ ಜಟ್ಟಪ್ಪ ದೇವರಿಗೆ ದೀಪ ಹಚ್ಚಿದ.”

ಶಿಷ್ಯ ನಕ್ಕ. ಆಮೇಲೆ ತನ್ನ ಪ್ರಶ್ನೆ ನೆನಪಾಗಿ, “ಹಾಗಾದರೆ ನಾನು...” ಎಂದು ತೊಡಗಿದ.

ಗುರು ಅಂದರು: “ನೀನು ಬಿಟ್ಟದ್ದು ಸಾಕು ಮಗು, ಯಾರಿಗೆ ಏನನ್ನು ಬಡಿಸುತ್ತೀ, ಅದನ್ನು ಹೇಳು.”