ಗುಂಡುಕಲ್ಲಿನ ನಾಡಿ

ಕಮಲಾಕ್ಷಮ್ಮನವರ ಮನೆಯ ಬೆಕ್ಕಿಗೆ ಎರಡು ದಿನದಿಂದ ಬೆಳಗಿನ ಹಾಲು ತಪ್ಪಿತ್ತು. ಅಮ್ಮನವರು ತಲೆಸುತ್ತೆಂದು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಬೆಕ್ಕು ವಿಚಾರಿಸಿ ನೋಡಿದರೆ, ಇದೆಲ್ಲ ಫೋನಿಗೆ ಹೊಸದಾಗಿ ಬಂದ ಆ್ಯಪಿನ ಕೆಲಸ. ಬೆರಳಿಟ್ಟಾಗಲೆಲ್ಲ ಅದು "ನಿಮ್ಮ ಬಿಪಿ ಸರಿಯಾಗಿದೆ" ಎನ್ನುತ್ತಿತ್ತು. ಅದನ್ನು ನಂಬಿ ಅವರು ಮಾತ್ರೆ ನುಂಗುವುದನ್ನೇ ಬಿಟ್ಟಿದ್ದರು.

"ನಿನ್ನನ್ನು ಪರೀಕ್ಷೆ ಮಾಡಿದವರು ಯಾರು?" ಎಂದು ಬೆಕ್ಕು ಕೇಳಿತು.

"ಜನ! ನಾಲ್ಕೂವರೆ ಸ್ಟಾರು ಕೊಟ್ಟಿದ್ದಾರೆ, ನೋಡು," ಎಂದು ಆ್ಯಪ್ ಬೀಗಿತು.

ಬೆಕ್ಕು ಫೋನನ್ನು ಪಂಜದಿಂದ ತಳ್ಳಿಕೊಂಡು ಹೋಗಿ, ಮಿಕ್ಸಿ ಬಂದಾಗಿನಿಂದ ಅಡುಗೆಮನೆಯ ಮೂಲೆ ಹಿಡಿದಿದ್ದ ಗುಂಡುಕಲ್ಲಿಗೆ ಒರಗಿಸಿತು.

ಆ್ಯಪ್ ತುಸು ಹೊತ್ತು ಯೋಚಿಸಿ ನುಡಿಯಿತು: "ನಾಡಿ ಎಪ್ಪತ್ತೆರಡು. ಬಿಪಿ ಸರಿಯಾಗಿದೆ. ಹೃದಯ ಬಹಳ ಚೆನ್ನಾಗಿದೆ. ಆದರೆ ಕೂತಲ್ಲೇ ಕೂರಬೇಡಿ, ದಿನಾ ಅರ್ಧ ಗಂಟೆ ನಡೆಯಿರಿ."

ಅಷ್ಟರಲ್ಲಿ ಫೋನು ಹುಡುಕುತ್ತ, ಗೋಡೆ ಹಿಡಿದುಕೊಂಡು ಬಂದ ಕಮಲಾಕ್ಷಮ್ಮ ಕನ್ನಡಕ ಏರಿಸಿ ಪರದೆಯ ಮೇಲಿದ್ದ ಅದೇ ಮಾತನ್ನು ಓದಿದರು. ಗುಂಡುಕಲ್ಲನ್ನು ನೋಡಿದರು. ಫೋನನ್ನು ಅಲ್ಲೇ ಬಿಟ್ಟು, ನೆಟ್ಟಗೆ ಹೋಗಿ ಮಾತ್ರೆ ಡಬ್ಬಿ ಕೆಳಗಿಳಿಸಿದರು.

"ಇನ್ನು ನಿನ್ನ ಸ್ಟಾರೆಲ್ಲ ಉದುರಿದ ಹಾಗೇ," ಎಂದು ಬೆಕ್ಕು ಮೀಸೆ ನೆಕ್ಕಿಕೊಂಡಿತು.

"ಯಾಕೆ ಉದುರಬೇಕು?" ಎಂದು ಗುಂಡುಕಲ್ಲು ಗದರಿತು. "ಈ ಮನೆಯಲ್ಲಿ ನಲವತ್ತು ವರ್ಷ ರುಬ್ಬಿದ್ದೇನೆ. ನನಗೂ ಒಂದು ಹೃದಯವಿದೆ ಎಂದವರು ಈ ಆ್ಯಪ್ ಒಬ್ಬರೇ. ನನ್ನ ಕಡೆಯಿಂದ ಐದಕ್ಕೆ ಐದು!"

ಆ ನಾಲ್ಕೂವರೆ ಸ್ಟಾರು ಎಲ್ಲಿಂದ ಬಂದಿತ್ತೆಂದು ಬೆಕ್ಕಿಗೆ ಆಗ ತಿಳಿಯಿತು.