ಪಿಕಪ್‌ಗೆ ಒಂದು ಕನ್ನಡ ಪದ

ಸಸಿಗಳ ನರ್ಸರಿಗೆ ಹೊಸದಾಗಿ ಬಂದ ಮ್ಯಾನೇಜರ್ ಗುರುಪಾದಯ್ಯನವರು ಡ್ರೈವರ್ ಹೊನ್ನೂರಸಾಬನ ಲಾಗ್‌ಬುಕ್ ನೋಡಿ ಕೆಂಡವಾದರು.

"ಏನಯ್ಯಾ, ಎಲ್ಲಿ ನೋಡಿದರೂ ಪಿಕಪ್, ಪಿಕಪ್! ಅದಕ್ಕೆ ಒಂದೇ ಒಂದು ಕನ್ನಡ ಪದ ಬರಿ. ಆಗದಿದ್ದರೆ ಗಾಡಿಯ ಕೀಲಿ ಮೇಜಿನ ಮೇಲಿಟ್ಟು ಮನೆಗೆ ನಡಿ."

"ಅಂಥ ಪದ ನಿಮ್ಮಂಥೋರ ಬಾಯಲ್ಲೇ ಹುಟ್ಟಬೇಕು ಸಾರ್. ನಾಳೆ ಒಂದಿನ ನನ್ನ ಜೊತೆ ಬನ್ನಿ," ಅಂದ ಹೊನ್ನೂರಸಾಬ.

ಮ್ಯಾನೇಜರ್ ಉಬ್ಬಿಹೋದರು. ಮರುದಿನ ಹೊನ್ನೂರಸಾಬ ಗಾಡಿ ತುಂಬ ಸಸಿ ಹೇರಿಕೊಂಡು ಬೇಕೆಂದೇ ಘಾಟಿ ದಾರಿ ಹಿಡಿದ. ಏರಿನಲ್ಲಿ ಗಾಡಿ ತೆವಳತೊಡಗಿತು.

"ಥೂ, ಇದಕ್ಕೆ ಪಿಕಪ್ಪೇ ಇಲ್ಲವಲ್ಲಯ್ಯಾ!" ಅಂದರು ಮ್ಯಾನೇಜರ್.

ಅರ್ಧ ಏರಿಗೆ ಎಂಜಿನ್ ಬಿಸಿಯಾಗಿ ನಿಂತೇಬಿಟ್ಟಿತು. ಮ್ಯಾನೇಜರ್ ಆಫೀಸಿಗೆ ಫೋನ್ ಹಚ್ಚಿ, "ಒಬ್ಬನೂ ಪಿಕಪ್ ಮಾಡ್ತಿಲ್ಲ!" ಎಂದು ಕೂಗಾಡಿದರು. ಕೊನೆಗೆ ಸಿಕ್ಕವನಿಗೆ, "ಇನ್ನೊಂದು ಪಿಕಪ್ ಕಳಿಸಿ, ನನ್ನನ್ನ ಬೇಗ ಪಿಕಪ್ ಮಾಡಿ!" ಅಂದರು.

ಹೊನ್ನೂರಸಾಬ ಎಂಜಿನ್‌ಗೆ ನೀರು ಹೊಯ್ಯುತ್ತ, ಅವರ ಒಂದೊಂದು ಪಿಕಪ್‌ಗೂ ಒಂದೊಂದು ಬೆರಳು ಮಡಚುತ್ತಿದ್ದ.

ಗಾಡಿಯಲ್ಲಿ ಕೂತು ಹೋದ ಅಧಿಕಾರಿಯೇ ಲಾಗ್‌ಬುಕ್ ತುಂಬಿ ಸಹಿ ಹಾಕುವುದು ಅಲ್ಲಿನ ಪದ್ಧತಿ. ಸಂಜೆ ಹೊನ್ನೂರಸಾಬ ಪುಸ್ತಕವನ್ನು ಅವರ ಮುಂದಿಟ್ಟ.

"ಆ ಒಂದು ಪದ ಬರೆದುಬಿಡಿ ಸಾರ್. ನಾಳೆಯಿಂದ ಅದನ್ನೇ ನೋಡಿ ಬರೀತೀನಿ."

ಮ್ಯಾನೇಜರ್‌ಗೆ ಬೆಳಗಿನಿಂದ ತಾವು ಆಡಿದ್ದೆಲ್ಲ ನೆನಪಾಯಿತು. ಪೆನ್ನು ಕಚ್ಚಿದರು. ಫ್ಯಾನ್ ನೋಡಿದರು. ಹೊನ್ನೂರಸಾಬ ಹಿಂದಿನ ದಿನ ಬರೆದಿದ್ದ "ಪಿಕಪ್" ಮೇಲಿನ ಸಾಲಿನಲ್ಲೇ ಇತ್ತು. ಅದರ ಕೆಳಗೆ ಸರಸರನೆ "ಮೇಲಿನಂತೆ" ಎಂದು ಗೀಚಿ ಸಹಿ ಹಾಕಿದರು.

ಅಂದಿನಿಂದ ಹೊನ್ನೂರಸಾಬನ ಲಾಗ್‌ಬುಕ್ಕಿನಲ್ಲಿ ಪುಟಗಟ್ಟಲೆ ಅಚ್ಚಗನ್ನಡ: ಮೇಲಿನಂತೆ, ಮೇಲಿನಂತೆ, ಮೇಲಿನಂತೆ.